ಗೋಡೆಯಿಲ್ಲದ ಷೆಡ್ಡಿನ ಮೇಲೆ ಗಾಳಿಯ ಹೊರೆ: ಕಂಪ್ಯೂಟರ್ ಲೆಕ್ಕವನ್ನು ಉದ್ಯಮಿಯು ಓದುವ ಬಗೆ

ರಾಜ್ಯದ ಒಳನಾಡಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಮುಂಗಾರುಪೂರ್ವ ಮಳೆಯು ಗಾಳಿಯನ್ನು ಮುಂದಿಟ್ಟುಕೊಂಡೇ ಬರುತ್ತದೆ. ಆ ಎರಡು ತಿಂಗಳುಗಳ ಲೆಕ್ಕಪುಸ್ತಕಗಳನ್ನು ಪರಿಶೋಧಿಸುವಾಗ ‘ಷೆಡ್ ದುರಸ್ತಿ’ ಎಂಬ ಬಾಬತ್ತು ಕಾಣಿಸಿಕೊಳ್ಳುವುದು ನಮ್ಮ ವೃತ್ತಿಯವರಿಗೆ ಹೊಸತೇನಲ್ಲ. ಬಿಲ್ಲುಗಳನ್ನು ತಿರುವಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಾರಿಹೋದವುಗಳಲ್ಲಿ ಬಹುಪಾಲು ಸುತ್ತಲೂ ಗೋಡೆಯುಳ್ಳ ಕಾರ್ಖಾನೆಯ ಮಾಡುಗಳಲ್ಲ. ಲಾರಿಗೆ ಸರಕು ತುಂಬುವ ಅಂಕಣ, ಕಚ್ಚಾ ಸಾಮಗ್ರಿಯನ್ನು ಒಟ್ಟುವ ತೆರೆದ ಚಪ್ಪರ, ವಾಹನ ನಿಲುಗಡೆಯ ನೆರಳು, ಇಂತಹವೇ.

ಇದಕ್ಕೆ ಕಾರಣವನ್ನು ಕೇಳಿದರೆ ಗುತ್ತಿಗೆದಾರರು ‘ಗಾಳಿ ವಿಪರೀತವಾಗಿತ್ತು’ ಎನ್ನುತ್ತಾರೆ. ಷೆಡ್ಡನ್ನು ಕಟ್ಟುವ ಮುನ್ನ ಅವರೇ ‘ನಾಲ್ಕೂ ಕಡೆ ತೆರೆದಿದೆ, ಗಾಳಿ ಬಂದ ದಾರಿಯಲ್ಲೇ ಹೋಗುತ್ತದೆ’ ಎಂದಿರುತ್ತಾರೆ. ಈ ಎರಡನೆಯ ಮಾತೇ ತಪ್ಪು ತಿಳಿವಳಿಕೆಯ ಮೂಲ. ಗೋಡೆಯಿಲ್ಲದಿದ್ದರೆ ಗಾಳಿಯು ಅಡ್ಡಡ್ಡಲಾಗಿ ತಳ್ಳುವುದು ಕಡಿಮೆಯಾಗುತ್ತದೆ, ನಿಜ. ಆದರೆ ಮಾಡಿನ ಮೇಲ್ಗಡೆ ಹೀರುವಿಕೆಯೂ ಕೆಳಗಡೆ ಒತ್ತಡವೂ ಒಟ್ಟಿಗೆ ಸೇರಿ ತಗಡನ್ನು ಮೇಲಕ್ಕೆ ಎತ್ತುತ್ತವೆ. ಬಿರುಗಾಳಿಯಲ್ಲಿ ಕೊಡೆ ಹಿಡಿದು ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಡೆಗೆ ಗೋಡೆಯಿಲ್ಲ, ಆದರೂ ಕೈ ಬಿಟ್ಟರೆ ಅದು ಹಾರಿಹೋಗುತ್ತದೆ.

ವಿನ್ಯಾಸವು ಸ್ಟ್ರಕ್ಚರಲ್ ಎಂಜಿನಿಯರರ ಕೆಲಸ. ಲೆಕ್ಕಪರಿಶೋಧಕನು ಅದರಲ್ಲಿ ತಲೆಹಾಕಬೇಕೇ ಎಂದು ಕೆಲವರು ಕೇಳಬಹುದು. ವಿನ್ಯಾಸವನ್ನು ಎಂಜಿನಿಯರರೇ ಮಾಡಬೇಕು, ಅವರೇ ಸಹಿ ಹಾಕಬೇಕು. ಆದರೆ ಹಣ ಕೊಡುವವನು ಕಂಪ್ಯೂಟರಿನಿಂದ ಬಂದ ಐವತ್ತು ಅರವತ್ತು ಪುಟಗಳ ಕಟ್ಟನ್ನು ನೋಡಿದೊಡನೆ ಕೈಮುಗಿದು ಕಪಾಟಿನಲ್ಲಿಡುವುದು ಸಲ್ಲದು. ಆ ಕಟ್ಟಿನಲ್ಲಿ ನೋಡಬೇಕಾದ ಪುಟಗಳು ನಾಲ್ಕೈದು ಮಾತ್ರ; ಅಲ್ಲಿರುವುದು ಗುಣಾಕಾರ, ಸಂಕಲನ. ವ್ಯಾಪಾರಿಗೆ ಬಾರದ ಲೆಕ್ಕವೇನೂ ಅಲ್ಲ.

ಮೊದಲು ಮಾನಕದ ವಿಚಾರ. ನಮ್ಮ ದೇಶದಲ್ಲಿ ಗಾಳಿಯ ಹೊರೆಯನ್ನು ನಿರ್ಧರಿಸುವ ದಾಖಲೆಯೆಂದರೆ ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ಐಎಸ್ 875, ಮೂರನೆಯ ಭಾಗ. ಇದು 1987ರಲ್ಲಿ ಪರಿಷ್ಕೃತವಾಗಿ, ಅನಂತರ 2015ರಲ್ಲಿ ಮತ್ತೆ ಪರಿಷ್ಕೃತವಾಯಿತು. ಇಂದಿಗೂ ಕೆಲವು ವರದಿಗಳಲ್ಲಿ ‘ಐಎಸ್ 875: 1987’ ಎಂದೇ ಅಚ್ಚಾಗಿರುತ್ತದೆ, ಹಳೆಯ ಕಡತವನ್ನು ತೆರೆದು ಹೆಸರನ್ನು ಮಾತ್ರ ಬದಲಿಸಿದ್ದರ ಗುರುತು ಅದು. ಮೊದಲ ಪುಟದಲ್ಲೇ ಇದನ್ನು ಗಮನಿಸಬಹುದು.

ಮಾನಕವು ದೇಶವನ್ನು ಗಾಳಿಯ ಮೂಲವೇಗಕ್ಕೆ ಅನುಗುಣವಾಗಿ ವಲಯಗಳನ್ನಾಗಿ ವಿಂಗಡಿಸಿದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚೆನ್ನೈಗೆ 50. ಸೆಕೆಂಡಿಗೆ 33 ಮೀಟರ್ ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ‘ನಮ್ಮೂರಿನಲ್ಲಿ ಅಷ್ಟು ಗಾಳಿ ಎಂದು ಬೀಸಿತ್ತು?’ ಎಂದು ಆಕ್ಷೇಪಿಸುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ಇದು ಗಂಟೆಗಟ್ಟಲೆ ಬೀಸುವ ಗಾಳಿಯ ಸರಾಸರಿಯಲ್ಲ, ಸುಮಾರು ಮೂರು ಸೆಕೆಂಡುಗಳ ಹೊಡೆತದ ವೇಗ. ಮತ್ತು ಇದು ಐವತ್ತು ವರ್ಷಗಳಿಗೊಮ್ಮೆ ಮೀರಬಹುದಾದ ವೇಗ. ಈ ‘ಐವತ್ತು ವರ್ಷಕ್ಕೊಮ್ಮೆ’ ಎಂಬ ಮಾತನ್ನು ಬಹಳ ಮಂದಿ ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ. ಯಾವುದೇ ಒಂದು ವರ್ಷದಲ್ಲಿ ಅದು ಮೀರುವ ಸಂಭವ ನೂರಕ್ಕೆ ಎರಡು. ಹತ್ತು ವರ್ಷಗಳ ಬ್ಯಾಂಕ್ ಸಾಲದ ಅವಧಿಯಲ್ಲಿ ನೂರಕ್ಕೆ ಸುಮಾರು ಹದಿನೆಂಟು. ಐವತ್ತು ವರ್ಷಗಳಲ್ಲಿ ನೂರಕ್ಕೆ ಅರವತ್ತಮೂರು. ನೂರಕ್ಕೆ ಹದಿನೆಂಟರಷ್ಟು ವಸೂಲಾಗದ ಸಂಭವವಿರುವ ಗಿರಾಕಿಗೆ ನಾವು ಯಾರೂ ಉದ್ರಿ ಕೊಡುವುದಿಲ್ಲ.

ಮೂಲವೇಗವನ್ನು ನಾಲ್ಕು ಗುಣಾಂಕಗಳಿಂದ ಗುಣಿಸಿ ವಿನ್ಯಾಸವೇಗವನ್ನು ಪಡೆಯುತ್ತಾರೆ. ಎರಡನೆಯದು ಎತ್ತರ ಹಾಗೂ ಸುತ್ತಲಿನ ನೆಲದ ಸ್ವರೂಪಕ್ಕೆ, ಮೂರನೆಯದು ಗುಡ್ಡ-ದಿಣ್ಣೆಗಳಿಗೆ, ನಾಲ್ಕನೆಯದು ಚಂಡಮಾರುತದ ಕರಾವಳಿಗೆ ಸಂಬಂಧಿಸಿದ್ದು. ಒಡೆಯನು ಕಣ್ಣಿಡಬೇಕಾದದ್ದು ಮೊದಲನೆಯದರ ಮೇಲೆ. ಸಾಮಾನ್ಯ ಕಟ್ಟಡಗಳಿಗೆ, ಐವತ್ತು ವರ್ಷದ ಬಾಳಿಕೆಗೆ, ಇದರ ಬೆಲೆ 1. ತಾತ್ಕಾಲಿಕ ಷೆಡ್ಡುಗಳಿಗೆ, ಐದು ವರ್ಷದ ಬಾಳಿಕೆಗೆ, ಬೆಂಗಳೂರಿನ ವಲಯದಲ್ಲಿ 0.82. ವ್ಯತ್ಯಾಸ ಅಲ್ಪವೆಂದು ಕಾಣುತ್ತದೆ. ಆದರೆ ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ 0.82 ಎಂಬುದು 0.67 ಆಗುತ್ತದೆ, ಅಂದರೆ ಹೊರೆಯ ಮೂರನೆಯ ಒಂದು ಭಾಗವು ಕಾಗದದ ಮೇಲೆಯೇ ಮಾಯವಾಗುತ್ತದೆ. ಎರಡು ದರಪಟ್ಟಿಗಳಲ್ಲಿ ಒಂದು ಗಣನೀಯವಾಗಿ ಅಗ್ಗವಾಗಿದ್ದರೆ, ಈ ಗುಣಾಂಕವನ್ನು ಮೊದಲು ವಿಚಾರಿಸುವುದು ಒಳಿತು. ಇಪ್ಪತ್ತು ವರ್ಷ ನಿಲ್ಲಬೇಕಾದ ಷೆಡ್ಡನ್ನು ‘ತಾತ್ಕಾಲಿಕ’ವೆಂದು ವಿನ್ಯಾಸ ಮಾಡಿಸಿದ ನಿದರ್ಶನಗಳು ನನ್ನ ಕಡತಗಳಲ್ಲಿಯೇ ಇವೆ. ಒಬ್ಬ ಉದ್ಯಮಿಯಂತೂ ಆದಾಯ ತೆರಿಗೆಯ ಸವಕಳಿಗೆ ಅನುಕೂಲವಾದೀತೆಂದು ತಾವೇ ಆ ಪದವನ್ನು ಬರೆಸಿದ್ದರು. ಕೇವಲ ತಾತ್ಕಾಲಿಕವಾದ ನಿರ್ಮಾಣಗಳಿಗೆ ಒಂದು ಕಾಲದಲ್ಲಿ ನೂರಕ್ಕೆ ನೂರರಷ್ಟು ಸವಕಳಿ ದೊರೆಯುತ್ತಿದ್ದುದು ಹೌದು. 2017ರ ಏಪ್ರಿಲ್ 1ರಿಂದ ಅದನ್ನು ನೂರಕ್ಕೆ ನಲವತ್ತಕ್ಕೆ ಇಳಿಸಲಾಯಿತು. ಅಲ್ಲಿಯ ಉದಾಹರಣೆ ಮರದ ನಿರ್ಮಾಣಗಳದ್ದು. ಕಾಂಕ್ರೀಟ್ ಬುನಾದಿಗೆ ಬೋಲ್ಟ್ ಬಿಗಿದ ಉಕ್ಕಿನ ಷೆಡ್ಡು ಆ ವಿವರಣೆಗೆ ಸುಲಭವಾಗಿ ಒಗ್ಗುವುದಿಲ್ಲ. ತೆರಿಗೆಯ ‘ತಾತ್ಕಾಲಿಕ’ವೇ ಬೇರೆ, ಗಾಳಿಯ ‘ತಾತ್ಕಾಲಿಕ’ವೇ ಬೇರೆ.

ಈಗ ಒಂದು ಷೆಡ್ಡನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಬೆಂಗಳೂರಿನ ವಲಯ, ಅಗಲ 8 ಮೀಟರ್, ಉದ್ದ 24 ಮೀಟರ್, ಎತ್ತರ ಸುಮಾರು 5 ಮೀಟರ್, ಒಂದೇ ಕಡೆಗೆ ಹತ್ತು ಡಿಗ್ರಿ ಇಳಿಜಾರಿನ ತಗಡಿನ ಮಾಡು, ಆರು ಮೀಟರಿಗೊಂದರಂತೆ ಐದು ಚೌಕಟ್ಟುಗಳು, ಒಟ್ಟು ಹತ್ತು ಕಂಬಗಳು, ನಾಲ್ಕೂ ಕಡೆ ತೆರವು. ಬಯಲಿನಲ್ಲಿ ಗುಣಾಂಕಗಳೆಲ್ಲವೂ 1 ಎಂದಿಟ್ಟುಕೊಂಡರೆ ಒತ್ತಡವು 0.6ನ್ನು 33ರ ವರ್ಗದಿಂದ ಗುಣಿಸಿದಷ್ಟು, ಚದರ ಮೀಟರಿಗೆ 653 ನ್ಯೂಟನ್. ದಿಕ್ಕು ಹಾಗೂ ವಿಸ್ತೀರ್ಣಕ್ಕಾಗಿ ಮಾನಕವು ಅನುಮತಿಸುವ ರಿಯಾಯಿತಿಯನ್ನು ಕಳೆದರೆ ಒಂದು ಚೌಕಟ್ಟಿಗೆ ಸುಮಾರು 510 ನ್ಯೂಟನ್ ಉಳಿಯುತ್ತದೆ.

ಇದನ್ನು ಮಾಡಿನ ಮೇಲಿನ ಬಲವನ್ನಾಗಿ ಪರಿವರ್ತಿಸಲು ಒತ್ತಡ ಗುಣಾಂಕ ಬೇಕು. ಗೋಡೆಯಿಲ್ಲದ ಮಾಡುಗಳಿಗೆ ಮಾನಕದಲ್ಲಿ ಪ್ರತ್ಯೇಕ ಕೋಷ್ಟಕಗಳಿವೆ. ನಮ್ಮ ಉದಾಹರಣೆಯ ಮಾಡಿಗೆ ಕೆಳಮುಖವಾಗಿ 0.5, ಮೇಲ್ಮುಖವಾಗಿ ಎರಡು ಅಂಕಿಗಳು, 0.9 ಮತ್ತು 1.3. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಈ ಲೇಖನದ ಮುಖ್ಯ ವಿಷಯ. ಷೆಡ್ಡಿನ ಕೆಳಗೆ ಏನೂ ಇಲ್ಲದಿದ್ದರೆ 0.9. ಸರಕನ್ನು ಮಾಡಿನವರೆಗೆ ಒಟ್ಟಿ, ಗಾಳಿ ಹೊರಹೋಗುವ ಕಡೆಯ ಸೂರಿನವರೆಗೂ ದಾರಿಯನ್ನು ಮುಚ್ಚಿದರೆ 1.3. ಅರ್ಧ ಮುಚ್ಚಿದ್ದರೆ ನಡುವಿನ ಬೆಲೆ. ಕಾರಣ ಸರಳವಾದದ್ದು: ಒಳಹೊಕ್ಕ ಗಾಳಿಗೆ ಹೊರಹೋಗಲು ಹಾದಿಯಿಲ್ಲದಾಗ ಅದು ಮಾಡನ್ನು ಕೆಳಗಿನಿಂದ ಒತ್ತುತ್ತದೆ.

ಅಂದರೆ ಷೆಡ್ಡಿನ ಸುರಕ್ಷತೆಯು ಕಟ್ಟಿದವನ ಕೈಯಲ್ಲಿ ಮಾತ್ರವಿಲ್ಲ, ಬಳಸುವವನ ಕೈಯಲ್ಲಿಯೂ ಇದೆ. ಮೆಕ್ಕೆಜೋಳದ ಚೀಲಗಳನ್ನಾಗಲಿ, ರಟ್ಟಿನ ಪೆಟ್ಟಿಗೆಗಳನ್ನಾಗಲಿ, ಹತ್ತಿಯ ಅಂಡಿಗೆಗಳನ್ನಾಗಲಿ ತುಂಬಿಸಿದ ದಿನ ಷೆಡ್ಡಿನ ಮೇಲಿನ ಎತ್ತುಬಲ ಹೆಚ್ಚುತ್ತದೆ. ಸರಕು ತುಂಬಿದ ದಿನವೇ ನಷ್ಟದ ಪ್ರಮಾಣವೂ ಹೆಚ್ಚಲ್ಲವೇ?

ಅಂಕಿಗಳನ್ನು ಮುಂದುವರಿಸೋಣ. ಬರಿದಾದ ಷೆಡ್ಡಿನಲ್ಲಿ ಎತ್ತುಬಲವು ಚದರ ಮೀಟರಿಗೆ 459 ನ್ಯೂಟನ್, ಅಂದರೆ 47 ಕಿಲೋಗ್ರಾಂ ತೂಕದಷ್ಟು. ತುಂಬಿದ ಷೆಡ್ಡಿನಲ್ಲಿ 663 ನ್ಯೂಟನ್, ಸುಮಾರು 68 ಕಿಲೋಗ್ರಾಂ. ಇದಕ್ಕೆ ಎದುರಾಗಿ ನಿಲ್ಲುವುದು ತಗಡು, ಪರ್ಲಿನ್, ತೊಲೆ ಎಲ್ಲವೂ ಸೇರಿ ಚದರ ಮೀಟರಿಗೆ 20 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಅರ್ಧ ಮಿಲಿಮೀಟರಿನ ಬಣ್ಣದ ತಗಡೊಂದೇ ಐದು ಕಿಲೋಗ್ರಾಮಿಗಿಂತ ಕಡಿಮೆ ತೂಗುತ್ತದೆ. ಕಲ್ನಾರು ಹಾಗೂ ಮಂಗಳೂರು ಹೆಂಚಿನ ಕಾಲದ ಹಿರಿಯರು ‘ಮಾಡು ಕುಸಿದೀತು’ ಎಂದು ಹೆದರುತ್ತಿದ್ದರು. ಹಗುರ ತಗಡಿನ ಕಾಲದ ನಾವು ‘ಮಾಡು ಎದ್ದೀತು’ ಎಂದು ಹೆದರಬೇಕು.

ನಡುವಣ ಒಂದು ಚೌಕಟ್ಟಿನ ಪಾಲಿಗೆ 48 ಚದರ ಮೀಟರ್ ಬರುತ್ತದೆ. ಆ ಬಲವೂ ಎರಡು ಕಂಬಗಳಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಇಂತಹ ಮಾಡಿನಲ್ಲಿ ಒತ್ತಡದ ಕೇಂದ್ರವು ಗಾಳಿ ಬರುವ ಅಂಚಿನಿಂದ ಅಗಲದ ಹತ್ತರಲ್ಲಿ ಮೂರು ಭಾಗದ ದೂರದಲ್ಲಿದೆಯೆಂದು ತಿಳಿಯಬೇಕೆಂದು ಮಾನಕ ಹೇಳುತ್ತದೆ. ಆದ್ದರಿಂದ ಗಾಳಿಯ ಕಡೆಯ ಕಂಬವೊಂದಕ್ಕೇ ನೂರಕ್ಕೆ ಎಪ್ಪತ್ತರಷ್ಟು. ಬರಿದಾದ ಷೆಡ್ಡಿಗೆ ಇದು 1,579 ಕಿಲೋಗ್ರಾಂ, ತುಂಬಿದ ಷೆಡ್ಡಿಗೆ 2,285 ಕಿಲೋಗ್ರಾಂ. ಕಂಬದ ಪಾಲಿನ ಸ್ವಂತ ತೂಕ 480 ಕಿಲೋಗ್ರಾಂ ಮಾತ್ರ. ಉಳಿದದ್ದನ್ನು ಬುನಾದಿಯ ಕಾಂಕ್ರೀಟು ಹಿಡಿದಿಡಬೇಕು. ಉಕ್ಕಿನ ಕಟ್ಟಡಗಳ ಮಾನಕವಾದ ಐಎಸ್ 800: 2007ರ ಪ್ರಕಾರ ಗಾಳಿಯನ್ನು ಒಂದೂವರೆ ಪಟ್ಟು ಹೆಚ್ಚಿಸಿ, ಸ್ವಂತ ತೂಕವನ್ನು ಹತ್ತರಲ್ಲಿ ಒಂಬತ್ತು ಭಾಗಕ್ಕೆ ಇಳಿಸಿ ನೋಡಬೇಕು. ಹೀಗೆ ಮಾಡಿದಾಗ ಬರಿದಾದ ಷೆಡ್ಡಿನ ಕಂಬಕ್ಕೆ 2,152 ಕಿಲೋಗ್ರಾಂ ಕಾಂಕ್ರೀಟು ಬೇಕಾಗುತ್ತದೆ. ಘನಮೀಟರಿಗೆ 2,400 ಕಿಲೋಗ್ರಾಮಿನಂತೆ, ಒಂದು ಮೀಟರ್ ಚೌಕ, 90 ಸೆಂಟಿಮೀಟರ್ ಆಳದ ದಿಮ್ಮಿ ಸಾಕು. ತುಂಬಿದ ಷೆಡ್ಡಿಗೆ 3,328 ಕಿಲೋಗ್ರಾಂ. ಅದೇ ಆಳದಲ್ಲಿ ಒಂದೂಕಾಲು ಮೀಟರ್ ಚೌಕ ಬೇಕು. ದಿಮ್ಮಿಯ ಮೇಲಿನ ಮಣ್ಣಿನ ತೂಕ, ಅಡ್ಡಬಲದಿಂದಾಗುವ ಉರುಳುವಿಕೆ, ಇವನ್ನು ನಾನು ಇಲ್ಲಿ ಬಿಟ್ಟಿದ್ದೇನೆ, ಎಂಜಿನಿಯರರು ಬಿಡುವಂತಿಲ್ಲ.

ಹೆಚ್ಚುವರಿ ವೆಚ್ಚವೆಷ್ಟು? ಕಂಬವೊಂದಕ್ಕೆ ಸುಮಾರು ಅರ್ಧ ಘನಮೀಟರ್, ಹತ್ತು ಕಂಬಗಳಿಗೆ ಐದು ಘನಮೀಟರ್ ಕಾಂಕ್ರೀಟು. ಘನಮೀಟರಿಗೆ ₹8,000 ಎಂದು ಹಿಡಿದರೆ ₹40,000 ಮಾತ್ರ. ಜೊತೆಗೆ ಬೋಲ್ಟ್, ತಳತಟ್ಟೆ, ತಗಡಿನ ತಿರುಪುಗಳೂ ಒಂದಿಷ್ಟು ಹೆಚ್ಚಬೇಕು. ಷೆಡ್ಡಿನ ಕೆಳಗಿಡುವ ಸರಕಿನ ಬೆಲೆಯನ್ನು ಓದುಗರು ತಾವೇ ಪಕ್ಕದಲ್ಲಿ ಬರೆದುಕೊಳ್ಳಲಿ.

ಇನ್ನು ತಂತ್ರಾಂಶದ ವಿಚಾರ. ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಸ್ಟಾಡ್ ಪ್ರೊ. ಇಂತಹ ತಂತ್ರಾಂಶಗಳು ಚೌಕಟ್ಟಿನ ಪ್ರತಿಯೊಂದು ಸದಸ್ಯದ ಮೇಲಿನ ಬಲವನ್ನು ಕ್ಷಣಮಾತ್ರದಲ್ಲಿ ನಿಖರವಾಗಿ ಲೆಕ್ಕ ಹಾಕಿಕೊಡುತ್ತವೆ. ಆ ಬಗ್ಗೆ ಸಂದೇಹ ಬೇಡ. ಆದರೆ ಹೊರೆಯೆಷ್ಟು ಎಂಬುದನ್ನು ಹೇಳಬೇಕಾದವನು ಮನುಷ್ಯ. ಸ್ಟಾಡ್ ಪ್ರೊದಲ್ಲಿ ಗಾಳಿಯ ಹೊರೆಯನ್ನು ತಾನಾಗಿ ಹುಟ್ಟಿಸುವ ಸೌಲಭ್ಯವೊಂದಿದೆ. ಅದರಲ್ಲಿ ‘ಕ್ಲೋಸ್ಡ್’ ಮತ್ತು ‘ಓಪನ್’ ಎಂಬ ಎರಡು ಆಯ್ಕೆಗಳಿವೆ. ನಮ್ಮ ಷೆಡ್ಡು ತೆರೆದದ್ದು, ಆದ್ದರಿಂದ ‘ಓಪನ್’ ಎಂದು ಅನನುಭವಿಯು ಗುಂಡಿಯೊತ್ತುತ್ತಾನೆ. ಎಡವಟ್ಟು ಆರಂಭವಾಗುವುದು ಇಲ್ಲಿಯೇ. ಆ ‘ಓಪನ್’ ಎಂಬುದು ವಿದ್ಯುತ್ ಗೋಪುರದಂತಹ ಜಾಲರಿ ಕಟ್ಟಡಗಳಿಗಾಗಿ ಇರುವಂಥದು. ಅಲ್ಲಿ ಗಾಳಿಯು ಕಬ್ಬಿಣದ ಪಟ್ಟಿಗಳ ಅಗಲದ ಮೇಲೆ ಮಾತ್ರ ಬೀಳುತ್ತದೆಂದು ಲೆಕ್ಕ. ನಮ್ಮ ಷೆಡ್ಡಿಗೆ ಅದನ್ನು ಅನ್ವಯಿಸಿದರೆ ಕಂಬ-ತೊಲೆಗಳ ಮೇಲೆ ಒಂದಿಷ್ಟು ಅಡ್ಡಬಲ ಬೀಳುತ್ತದೆ. 192 ಚದರ ಮೀಟರ್ ತಗಡನ್ನು ಎತ್ತುವ ಬಲ ಲೆಕ್ಕಕ್ಕೇ ಬರುವುದಿಲ್ಲ. ‘ಕ್ಲೋಸ್ಡ್’ ಎಂದು ಒತ್ತಿದರೂ ತೊಂದರೆ ತಪ್ಪದು. ಆಗ ಕಂಬಗಳ ನಡುವೆ ಗೋಡೆಯಿದೆಯೆಂದು ಭಾವಿಸಿ, ಇಲ್ಲದ ಗೋಡೆಯ ಮೇಲಿನ ಗಾಳಿಯನ್ನು ಕಂಬಗಳಿಗೆ ಹಂಚುತ್ತದೆ; ಗೋಡೆಯಿಲ್ಲದ ಮಾಡಿನ ಕೋಷ್ಟಕವನ್ನು ಅದು ತೆರೆದು ನೋಡುವುದಿಲ್ಲ. ಸರಿಯಾದ ಕ್ರಮವೆಂದರೆ ಎಂಜಿನಿಯರರು ಮಾನಕದ ಕೋಷ್ಟಕದಿಂದ ಎತ್ತುಬಲವನ್ನೂ ಕೆಳಒತ್ತುಬಲವನ್ನೂ ಕೈಲೆಕ್ಕದಲ್ಲಿ ತೆಗೆದು, ಅವನ್ನು ಮಾಡಿನ ಸದಸ್ಯಗಳ ಮೇಲೆ ಪ್ರತ್ಯೇಕ ಹೊರೆಗಳನ್ನಾಗಿ ದಾಖಲಿಸುವುದು. ಆ ಕೈಲೆಕ್ಕದ ಹಾಳೆ ವರದಿಯಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಉಳಿದ ಪುಟಗಳಿಗೆ ಆಧಾರವಿಲ್ಲ.

ಇದನ್ನು ಪರೀಕ್ಷಿಸುವ ವಿಧಾನ ನಮ್ಮ ತಾಳೆಪಟ್ಟಿಯಂತೆಯೇ ಇದೆ. ವರದಿಯಲ್ಲಿ ‘ಸ್ಟ್ಯಾಟಿಕ್ಸ್ ಚೆಕ್’ ಎಂಬ ಭಾಗವನ್ನು ಅಚ್ಚು ಮಾಡಿಸಿಕೊಳ್ಳಿ. ಪ್ರತಿಯೊಂದು ಹೊರೆಯ ಪ್ರಕರಣಕ್ಕೂ ಅನ್ವಯಿಸಿದ ಬಲಗಳ ಮೊತ್ತವೂ ಆಧಾರಗಳಲ್ಲಿ ಹುಟ್ಟಿದ ಪ್ರತಿಬಲಗಳ ಮೊತ್ತವೂ ಅಲ್ಲಿರುತ್ತವೆ. ಒಂದು ಖರ್ಚು, ಇನ್ನೊಂದು ಜಮೆ, ಎರಡೂ ಸರಿಹೊಂದಿರುತ್ತವೆ. ಆದರೆ ತಾಳೆಪಟ್ಟಿ ಹೊಂದಿದ ಮಾತ್ರಕ್ಕೆ ಲೆಕ್ಕ ಸರಿಯಲ್ಲವೆಂಬುದು ವಾಣಿಜ್ಯ ಪದವಿಯ ಮೊದಲ ವರ್ಷದ ಪಾಠ. ನಮೂದಿಸದೇ ಬಿಟ್ಟ ವ್ಯವಹಾರವನ್ನು ತಾಳೆಪಟ್ಟಿ ಹಿಡಿಯಲಾರದು. ಆದ್ದರಿಂದ ಮೊತ್ತವನ್ನು ಹೊರಗಿನಿಂದ ಹೋಲಿಸಿ ನೋಡಬೇಕು. ನಮ್ಮ ಉದಾಹರಣೆಯಲ್ಲಿ 663 ನ್ಯೂಟನ್ನನ್ನು 192 ಚದರ ಮೀಟರಿನಿಂದ ಗುಣಿಸಿದರೆ 127 ಕಿಲೋನ್ಯೂಟನ್. ಎತ್ತುಗಾಳಿಯ ಪ್ರಕರಣದಲ್ಲಿ ‘ಸಮೇಶನ್ ಫೋರ್ಸ್ ವೈ’ ಎಂಬ ಸಾಲಿನಲ್ಲಿ ಇದಕ್ಕೆ ಸಮೀಪದ ಅಂಕಿಯಿರಬೇಕು. ಅಲ್ಲಿ ಸೊನ್ನೆಯೋ, ಮೂರೋ ನಾಲ್ಕೋ ಇದ್ದರೆ ಎತ್ತುಬಲವನ್ನು ಹಾಕಿಲ್ಲವೆಂದೇ ಅರ್ಥ. 88 ಇದ್ದರೆ ಬರಿದಾದ ಷೆಡ್ಡನ್ನು ವಿನ್ಯಾಸ ಮಾಡಿದ್ದಾರೆ. ಒಡೆಯನು ಸರಕು ಒಟ್ಟುವ ಉದ್ದೇಶವನ್ನು ಅವರಿಗೆ ಹೇಳಿರಲಿಕ್ಕಿಲ್ಲ.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ‘ಸಪೋರ್ಟ್ ರಿಯಾಕ್ಷನ್’ ಪುಟದಲ್ಲಿ ಲಂಬ ದಿಕ್ಕಿನ ಅಂಕಿಗಳನ್ನು ನೋಡಿ. ಧನ ಚಿಹ್ನೆಯಿದ್ದರೆ ಕಂಬವು ಬುನಾದಿಯನ್ನು ಒತ್ತುತ್ತಿದೆ. ಋಣ ಚಿಹ್ನೆಯಿದ್ದರೆ ಕಿತ್ತುಕೊಳ್ಳಲು ನೋಡುತ್ತಿದೆ. ಹಗುರ ತಗಡಿನ ತೆರೆದ ಷೆಡ್ಡಿನಲ್ಲಿ ಯಾವ ಸಂಯೋಜನೆಯಲ್ಲಿಯೂ ಒಂದೇ ಒಂದು ಋಣ ಅಂಕಿ ಕಾಣದಿದ್ದರೆ, ಆ ವರದಿಯನ್ನು ವಿವರಣೆಯಿಲ್ಲದೆ ಒಪ್ಪಬಾರದು.

ಇನ್ನೆರಡು ಸಂಗತಿಗಳನ್ನು ಸೇರಿಸುತ್ತೇನೆ. ಸೂರಿನ ಅಂಚಿಗೆ ಉದ್ದಕ್ಕೂ ಕಟ್ಟುವ ನಾಮಫಲಕದ ಪಟ್ಟಿಗೆ ಮಾನಕವು 1.3 ಗುಣಾಂಕವನ್ನು ವಿಧಿಸಿದೆ. ಒಂದು ಮೀಟರ್ ಎತ್ತರ, 24 ಮೀಟರ್ ಉದ್ದದ ಪಟ್ಟಿಯಾದರೆ ಅಡ್ಡಬಲವು ಒಂದೂವರೆ ಟನ್ನಿಗೂ ಮಿಕ್ಕುತ್ತದೆ. ಷೆಡ್ಡು ಕಟ್ಟಿ ಎರಡು ವರ್ಷದ ಅನಂತರ ಜಾಹೀರಾತಿನವರು ಬಂದು ಫಲಕ ಏರಿಸಿದಾಗ ಎಂಜಿನಿಯರರನ್ನು ಕೇಳುವವರು ವಿರಳ. 2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರಿನಲ್ಲಿ ಬಿರುಗಾಳಿಗೆ ಭಾರಿ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಮಂದಿ ಸತ್ತರು. ಅದು ಷೆಡ್ಡಲ್ಲ, ನಿಜ. ಆದರೆ ಕೆಳಗಿದ್ದವರು ಮಳೆಯಿಂದ ಆಶ್ರಯ ಪಡೆದವರು ಹಾಗೂ ಅಲ್ಲಿಯ ಕೆಲಸಗಾರರು. ನಮ್ಮ ಷೆಡ್ಡುಗಳ ಕೆಳಗೂ ಗಾಳಿಮಳೆ ಬಂದೊಡನೆ ಹಮಾಲರು, ಲಾರಿ ಚಾಲಕರು ಓಡಿಬಂದು ನಿಲ್ಲುತ್ತಾರೆ. ಎರಡನೆಯದು ಇರಚಲು ತಡೆಯಲೆಂದು ಒಂದು ಪಕ್ಕಕ್ಕೆ ಹೊಡೆಯುವ ತಗಡು. ಹಾಗೆ ಮಾಡಿದ ಕ್ಷಣವೇ ಅದು ಗೋಡೆಯಿಲ್ಲದ ಷೆಡ್ಡಾಗಿ ಉಳಿಯುವುದಿಲ್ಲ. ಮಾನಕದ ಬೇರೊಂದು ಕೋಷ್ಟಕ ಅನ್ವಯಿಸುತ್ತದೆ, ಮೊದಲಿನ ಲೆಕ್ಕ ಬಿದ್ದುಹೋಗುತ್ತದೆ.

ಬೆಂಗಳೂರಿನ ನಕ್ಷೆಯನ್ನೇ ಚೆನ್ನೈ ಶಾಖೆಗೆ ಕಳುಹಿಸುವ ಪದ್ಧತಿಯ ಬಗ್ಗೆಯೂ ಒಂದು ಮಾತು. 33ರ ಬದಲಿಗೆ 50 ಎಂದರೆ ಒತ್ತಡ 2.3 ಪಟ್ಟು. ಪೂರ್ವ ಕರಾವಳಿಯ ಸುಮಾರು 60 ಕಿಲೋಮೀಟರ್ ಪಟ್ಟಿಯಲ್ಲಿ ಕೈಗಾರಿಕಾ ಕಟ್ಟಡಗಳಿಗೆ 2015ರ ಮಾನಕವು ಚಂಡಮಾರುತದ ಗುಣಾಂಕವಾಗಿ 1.15ನ್ನು ಸೇರಿಸಿದೆ, ಆಗ ಮೂರು ಪಟ್ಟನ್ನೂ ಮೀರುತ್ತದೆ. ಅದೇ ನಕ್ಷೆ ಅಲ್ಲಿ ನಿಲ್ಲುವುದಿಲ್ಲ.

ಕೊನೆಯದಾಗಿ ಲೆಕ್ಕಪತ್ರದ ಕಡೆ. ಸ್ಥಿರಾಸ್ತಿಯ ನಿರ್ಮಾಣಕ್ಕೆ ತೆತ್ತ ಜಿಎಸ್‌ಟಿಗೆ 17(5)ನೆಯ ಕಲಮಿನ ಮೇರೆಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದು. ಆದ್ದರಿಂದ ಷೆಡ್ಡಿನ ವೆಚ್ಚವನ್ನು ತೆರಿಗೆಸಹಿತವಾಗಿಯೇ ಅಂದಾಜಿಸಬೇಕು, ಎರಡನೆಯ ಸಲ ಕಟ್ಟಿದರೆ ಎರಡನೆಯ ಸಲವೂ ಅದನ್ನು ತೆರಬೇಕು. ವಿಮೆಯಲ್ಲಿ, 2021ರ ಏಪ್ರಿಲ್ 1ರಿಂದ ಒಂದು ಸ್ಥಳದಲ್ಲಿ ಐದು ಕೋಟಿ ರೂಪಾಯಿವರೆಗಿನ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, ಐದರಿಂದ ಐವತ್ತು ಕೋಟಿಯವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’ ಪಾಲಿಸಿಗಳು ಜಾರಿಗೆ ಬಂದಿವೆ. ಬಿರುಗಾಳಿಯ ನಷ್ಟ ಇವುಗಳ ವ್ಯಾಪ್ತಿಯಲ್ಲಿದೆ. ಆದರೆ ಪ್ರಸ್ತಾವಪತ್ರದಲ್ಲಿ ‘ಗೋದಾಮು’ ಎಂದು ಬರೆದು, ಸರಕನ್ನು ಗೋಡೆಯಿಲ್ಲದ ಷೆಡ್ಡಿನಲ್ಲಿಟ್ಟಿದ್ದರೆ ಸರ್ವೇಯರರು ಪ್ರಶ್ನಿಸದೆ ಬಿಡಲಾರರು. ‘ಪಾರ್ಶ್ವಗಳು ತೆರೆದ ಉಕ್ಕಿನ ಷೆಡ್, ತಗಡಿನ ಮಾಡು’ ಎಂದೇ ಬರೆಸಿ, ಅಲ್ಲಿಡುವ ಸರಕಿನ ಗರಿಷ್ಠ ಮೌಲ್ಯವನ್ನು ಪ್ರತ್ಯೇಕವಾಗಿ ನಮೂದಿಸಿ. ಎಂಜಿನಿಯರರ ಸಹಿಯುಳ್ಳ ವಿನ್ಯಾಸ ಆಧಾರದ ಹಾಳೆ, ಕೈಲೆಕ್ಕದ ಪುಟ, ಸ್ಟ್ಯಾಟಿಕ್ಸ್ ಚೆಕ್, ಸಪೋರ್ಟ್ ರಿಯಾಕ್ಷನ್, ಬುನಾದಿಯ ನಕ್ಷೆ, ಕಾಂಕ್ರೀಟು ಹಾಕುವ ಮುನ್ನ ಗುಂಡಿಯಲ್ಲಿ ಅಳತೆಪಟ್ಟಿ ಹಿಡಿದು ತೆಗೆದ ಛಾಯಾಚಿತ್ರ, ಇಷ್ಟನ್ನು ಪಾಲಿಸಿಯ ಕಡತದಲ್ಲಿಯೇ ಇರಿಸಿ. ಗುತ್ತಿಗೆದಾರರ ಅಂತಿಮ ಬಿಲ್ಲನ್ನು ಈ ಕಾಗದಗಳು ಕೈಸೇರಿದ ಅನಂತರವೇ ಪಾವತಿ ಮಾಡತಕ್ಕದ್ದು ಎಂಬ ಷರತ್ತನ್ನು ಕಾರ್ಯಾದೇಶದಲ್ಲಿ ಮೊದಲೇ ಸೇರಿಸಿಕೊಳ್ಳಬಹುದು.